ದೌಲತರಾಯರ ಮನೆಯ ಗುರುತು

ಮಟಕಿ ಊರಿನ ದೌಲತರಾಯರಿಗೆ ಗುರುತಿಲ್ಲದ ವಸ್ತು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವರ ಹೊಲದ ತೊಗರಿ ಆಳಂದದ ಅಡತಿ ಅಂಗಡಿಗೆ ಹೊರಟರೆ ಒಂದೊಂದು ಚೀಲದ ಮೇಲೂ ಕೆಂಪು ಬಣ್ಣದಲ್ಲಿ ಅವರ ಹೆಸರಿನ ಮೊದಲಕ್ಷರ ಇರಲೇಬೇಕು. ಎತ್ತಿನ ತೊಡೆಗೆ ಬರೆ, ತಂಬಿಗೆ ಪರಾತಗಳ ಅಂಚಿಗೆ ಹೆಸರು, ಬಾವಿಯ ಹಗ್ಗದ ತುದಿಗೆ ಬಣ್ಣದ ದಾರ. ಅತನೂರಿನಿಂದ ಸೊಸೆಯಾಗಿ ಬಂದ ಗಂಗಾಬಾಯಿ ಮೊದಲ ದಿನ ಅಡುಗೆಮನೆಗೆ ಕಾಲಿಟ್ಟಾಗ ಸಾರಿನ ಸೌಟಿನ ಮೇಲೂ ಮಾವನ ಹೆಸರು ಕಂಡು, ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮನೆಯವರು ಅದನ್ನು ನಾಚಿಕೆ ಎಂದುಕೊಂಡರು. ಆ ಮನೆಯಲ್ಲಿ ಅವಳ ಬಗ್ಗೆ ಆದ ಮೊದಲ ತಪ್ಪು ತಿಳುವಳಿಕೆ ಅದು, ಕೊನೆಯದಲ್ಲ.

ರಾಯರು ಸೊಸೆಯನ್ನು ಆರಿಸಿದ್ದೂ ಅದೇ ಕಣ್ಣಿನಿಂದ. ಅಫಜಲಪುರ ತಾಲೂಕಿನ ಅತನೂರಿನ ಆ ಮನೆಯವರು ಹೆಣ್ಣನ್ನು ಹೊರಗೆ ಕೊಟ್ಟವರಲ್ಲ, ಹೊರಗಿನಿಂದ ತಂದವರೂ ಅಲ್ಲ. ಗಂಗಾಬಾಯಿಯ ತಂದೆ ಕಟ್ಟಿಕೊಂಡದ್ದು ತನ್ನ ಸ್ವಂತ ಅಕ್ಕನ ಮಗಳನ್ನು, ಅವನ ತಂದೆ ಮಾಡಿದ್ದೂ ಅದನ್ನೇ. ಆ ಮನೆಯ ರಕ್ತ ಒಂದು ಹನಿಯೂ ಹೊರಗೆ ಹೋಗಿಲ್ಲ, ಹಾಗೆ ಹೊರಬಿದ್ದ ಮೊದಲ ಹೆಣ್ಣು ತಮ್ಮ ಹೊಸ್ತಿಲನ್ನೇ ತುಳಿಯಿತು ಎಂದು ರಾಯರು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿಕೊಂಡು ತಿರುಗಿದರು. ಗಂಗಾಬಾಯಿಗೆ ತಾನು ಮದುವೆಯಾಗಿ ಬಂದೆನೋ ಡಬ್ಬಿಯಲ್ಲಿ ಮುಚ್ಚಿಟ್ಟ ಹಳೆಯ ತುಪ್ಪವಾಗಿ ಬಂದೆನೋ ಎಂಬ ಅನುಮಾನ ಬರುತ್ತಿತ್ತು.

ಗಂಡ ಶಿವರಾಯ ಕೆಟ್ಟವನಲ್ಲ. ಅಪ್ಪ ಎದುರಿಗಿಲ್ಲದಾಗ ಒಳ್ಳೆಯವನೇ. ಅಪ್ಪ ಎದುರಿಗಿದ್ದರೆ ಮಾತ್ರ ಅವನು ಯಾವ ಕಡೆ ನೋಡಬೇಕೆಂಬುದು ತಿಳಿಯದೆ ತನ್ನ ಚಪ್ಪಲಿ ನೋಡುತ್ತಿದ್ದ. ಅತ್ತೆ ಹೀರಾಬಾಯಿ ಜೇವರ್ಗಿಯ ಕಡೆಯವಳು. ಮಾತಿಗಿಂತ ನಿಟ್ಟುಸಿರಿನಲ್ಲೇ ಹೆಚ್ಚು ಹೇಳುವ ಹೆಂಗಸು. ಗಂಗಾಬಾಯಿಗೆ ಮೊದಲ ಬಸಿರು ಮೂರನೆಯ ತಿಂಗಳಿಗೆ ಮುಂಚೆಯೇ ಇಳಿದುಹೋದಾಗ ಅವಳು ಒಂದು ನಿಟ್ಟುಸಿರು ಬಿಟ್ಟಳು. ಎರಡನೆಯದೂ ಹಾಗೆಯೇ ಹೋದಾಗ ಬಿಟ್ಟ ನಿಟ್ಟುಸಿರು ಓಣಿಯ ಆಚೆಯ ಮನೆಗೂ ಕೇಳಿಸಿತು.

ಗಂಗಾಬಾಯಿಗೆ ಅಳಲು ಜಾಗವಿರಲಿಲ್ಲ. ಹೋದದ್ದಕ್ಕೆ ಹೆಸರಿಲ್ಲ, ಮುಖವಿಲ್ಲ, ಮಣ್ಣು ಮಾಡಲು ಒಂದು ಹಿಡಿಯೂ ಇಲ್ಲ. ಹೀಗಾಗಿ ಮನೆಯವರು ಅದನ್ನು ಸಾವು ಎನ್ನದೆ ನಷ್ಟ ಎಂದರು. ಅವಳಿಗೆ ಮಾತ್ರ ಅದು ಸಾವೇ ಆಗಿತ್ತು. ರೊಟ್ಟಿ ಬಡಿಯುವಾಗ ಅವಳ ಕೈ ತಾನಾಗಿಯೇ ನಿಂತುಬಿಡುತ್ತಿತ್ತು. ಮನೆಗೆಲಸದ ಹಣಮವ್ವ ಆಗ ಏನೂ ಕೇಳದೆ ಹಿಟ್ಟಿನ ಮುದ್ದೆಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಬಡಿಯುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಸಮಾಧಾನ ಅಷ್ಟೇ.

ಮೂರನೆಯ ಬಸಿರು ನಿಂತ ಸುದ್ದಿ ಕೇಳಿದ ದೌಲತರಾಯರಿಗೆ ಒಂದು ಅಪೂರ್ವ ವಿಚಾರ ಹೊಳೆಯಿತು. ಅವರಿಗೆ ಹೊಳೆಯುವ ವಿಚಾರಗಳಿಗೆಲ್ಲ ಊರೇ ಹೆದರುತ್ತಿತ್ತು. ಅವರ ಮನೆತನಗಳಲ್ಲಿ ಬಸುರಿಗೆ ಎಂಟನೆಯ ತಿಂಗಳು ಬಂದಾಗ ಅಯ್ಯನವರನ್ನು ಕರೆಸಿ, ಹೊಟ್ಟೆಯೊಳಗಿನ ಕೂಸಿಗೆಂದು ಪುಟ್ಟದೊಂದು ಲಿಂಗವನ್ನು ತಾಯಿಗೆ ಕಟ್ಟಿಸುವ ಪದ್ಧತಿ. ಕೂಸು ಹುಟ್ಟುವ ಮೊದಲೇ ಶರಣರ ಕೂಸಾಗಲಿ ಎಂದು. ಎಂಟರವರೆಗೆ ಕಾಯುವುದರಿಂದಲೇ ಕೂಸು ಗುರುತಿಲ್ಲದೆ ದಿಕ್ಕು ತಪ್ಪುತ್ತಿದೆ, ಎರಡನೆಯ ತಿಂಗಳಲ್ಲೇ ಕಟ್ಟಿಬಿಟ್ಟರೆ ತಾನು ಯಾರ ಮನೆಯದೆಂದು ಅದಕ್ಕೆ ತಿಳಿಯುತ್ತದೆ, ತಿಳಿದರೆ ನಿಲ್ಲುತ್ತದೆ: ಇದು ರಾಯರ ತರ್ಕ. ಮಠದ ಅಯ್ಯನವರು ವಯಸ್ಸಾದವರು, ತಿಳಿದವರು. ಇದೇನು ಚೀಲಕ್ಕೆ ಹೊಡೆಯುವ ಮುದ್ರೆಯಲ್ಲ, ಸಂಸ್ಕಾರಕ್ಕೆ ಅದರ ಕಾಲವಿದೆ ಎಂದು ಮೆತ್ತಗೆ ಹೇಳಿ ನೋಡಿದರು. ರಾಯರು ಕೇಳಲಿಲ್ಲ. ಊರಿಗೆಲ್ಲ ಹುಗ್ಗಿಯ ಊಟ ಹಾಕಿಸಿ, ಇನ್ನೂ ಹೊಟ್ಟೆಯೇ ಕಾಣದ ಸೊಸೆಯನ್ನು ನಡುಮನೆಯಲ್ಲಿ ಕೂರಿಸಿ, ಬೇಡಬೇಡವೆನ್ನುತ್ತಲೇ ಬಂದಿದ್ದ ಅಯ್ಯನವರಿಂದ ಅದನ್ನು ಮಾಡಿಸಿಯೇ ಬಿಟ್ಟರು.

ಹುಗ್ಗಿ ಉಂಡವರ ಬಾಯಿಯ ಸಿಹಿ ಇನ್ನೂ ಹೋಗಿರಲಿಲ್ಲ, ಬಸಿರು ಹೋಯಿತು. ಈ ಸಲ ರಕ್ತ ನಿಲ್ಲಲೇ ಇಲ್ಲ. ಮನೆಯ ಜೀಪು ಓಡಿಸುವ ಹುಸೇನಪೀರ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಗುಲ್ಬರ್ಗಾಕ್ಕೆ ಓಡಿಸಿದ. ಅಲ್ಲಿಯ ಆಸ್ಪತ್ರೆಯಲ್ಲಿ ಅವಳಿಗೆ ಕೊಡಬೇಕೆಂದು ಯಾವ ಬಾಟಲಿಯ ರಕ್ತ ತೆಗೆದರೂ ಅವಳ ರಕ್ತದ ಜೊತೆ ಕೂಡದೆ ಗಂಟು ಗಂಟಾಯಿತು. ಇದ್ದಬಿದ್ದ ಬಾಟಲಿಗಳೆಲ್ಲ ಮುಗಿದವು, ಹೊಂದುವುದು ಒಂದೂ ಸಿಗಲಿಲ್ಲ. ಡಾಕ್ಟರು ಕೈಚೆಲ್ಲಿ ಬರೀ ಸಲೈನ್ ಹಾಕಿ ದೇವರ ಮೇಲೆ ಭಾರ ಹಾಕಿದರು. ಗಂಗಾಬಾಯಿ ಬದುಕಿದ್ದು ತನ್ನ ಗಟ್ಟಿತನದಿಂದ. ರಾಯರು ಮಾತ್ರ ಅದನ್ನೂ ತಾವು ಹಾಕಿಸಿದ ಹುಗ್ಗಿಯ ಪುಣ್ಯದ ಲೆಕ್ಕಕ್ಕೇ ಸೇರಿಸಿದರು.

ಆಗ ಈ ಕಥೆಯೊಳಗೆ ಮಲ್ಲಣ್ಣ ಬಂದ. ಹೀರಾಬಾಯಿಯ ಅಣ್ಣನ ಮಗ, ಜೇವರ್ಗಿಯವನು, ಮುಂಬೈಯ ಒಂದು ಸಂಶೋಧನಾಲಯದಲ್ಲಿ ಇಲಿಗಳ ಬಸಿರನ್ನು ಓದುತ್ತಿದ್ದವನು. ಜೇವರ್ಗಿಯ ರೈತರು ಇಲಿ ಕೊಲ್ಲಲು ಹೊಲದ ಬಿಲಗಳಿಗೆ ಹೊಗೆ ಹಾಕುತ್ತಿದ್ದರೆ ಅವರ ಊರಿನ ಹುಡುಗ ಸರಕಾರದ ಸಂಬಳ ತಿಂದು ಇಲಿಗಳ ಬಾಣಂತನ ಮಾಡುತ್ತಿದ್ದಾನೆ ಎಂದು ಬೀಗರಲ್ಲಿ ನಗೆಯಾಡುತ್ತಿದ್ದರು. ರಜೆಗೆ ಬಂದಿದ್ದವನು ಆಸ್ಪತ್ರೆಗೆ ಮಾತಾಡಿಸಲು ಬಂದ. ರಕ್ತ ಗಂಟಾದ ಸಂಗತಿ ಕೇಳುತ್ತಲೇ ಅವನ ಕಣ್ಣು ಹೊಳೆದವು. ಸತ್ತು ಬದುಕಿದ ಹೆಂಗಸಿನ ಎದುರು ಹಾಗೆ ಹೊಳೆಯುವ ಕಣ್ಣುಗಳನ್ನು ಗಂಗಾಬಾಯಿ ಅದುವರೆಗೆ ಕಂಡಿರಲಿಲ್ಲ. ಅವನು ಅವಳ ಆರೋಗ್ಯ ವಿಚಾರಿಸುವುದನ್ನೂ ಮರೆತು ಒಂದಿಷ್ಟು ರಕ್ತ ಬೇಡಿದ, ಬರ್ಫ ತುಂಬಿದ ಥರ್ಮಾಸಿನಲ್ಲಿ ಅದನ್ನಿಟ್ಟುಕೊಂಡು ಅವತ್ತೇ ಮುಂಬೈಯ ಗಾಡಿ ಹತ್ತಿದ.

ಇತ್ತ ಮಟಕಿಯಲ್ಲಿ ದೌಲತರಾಯರು ಸುಮ್ಮನೆ ಕೂಡುವವರೇ? ಮಗನಿಗೆ ಇನ್ನೊಂದು ಮದುವೆ ಮಾಡಬೇಕೆಂದು ತೀರ್ಮಾನಿಸಿದರು. ಹೊರಗಿನ ಹೆಣ್ಣು ತಂದರೆ ಇಬ್ಬರು ಜಗಳಾಡುತ್ತಾರೆ, ಅತನೂರಿನವರ ಸಂಬಂಧವೂ ಕೆಡುತ್ತದೆ. ಅದಕ್ಕೆ ಗಂಗಾಬಾಯಿಯ ಸ್ವಂತ ತಂಗಿ ಕಸ್ತೂರಿಬಾಯಿಯನ್ನೇ ತರುವುದು. ಸುತ್ತಲಿನ ಹಳ್ಳಿಗಳಲ್ಲಿ ಹೀಗೆ ಅಕ್ಕನ ಮನೆಗೇ ತಂಗಿಯನ್ನು ತರುವುದು ಹೊಸದೇನಲ್ಲ. ಅಕ್ಕ ತಂಗಿ ಒಂದೇ ಒಲೆಯ ಎದುರು ಹೊಂದಿಕೊಂಡು ಇರುತ್ತಾರೆ ಎಂದು ಹೀರಾಬಾಯಿ ಬಹಳ ವರ್ಷಗಳಲ್ಲಿ ಮೊದಲ ಸಲ ನಿಟ್ಟುಸಿರಿಲ್ಲದೆ ಹೇಳಿದಳು. ಅತನೂರಿನ ತಂದೆಗೆ ಒಬ್ಬ ಮಗಳಿಗೆ ಗಂಡನ ಮನೆ ತಪ್ಪಬಾರದು, ಇನ್ನೊಬ್ಬಳಿಗೆ ಗಂಡ ಹುಡುಕುವ ತಾಪತ್ರಯವೂ ತಪ್ಪಬೇಕು ಎಂದಿತ್ತು, ಅವನು ಒಪ್ಪಿದ. ಶಿವರಾಯ ಚಪ್ಪಲಿ ನೋಡಿದ. ಅದನ್ನು ಒಪ್ಪಿಗೆ ಎಂದು ತಿಳಿಯಲಾಯಿತು.

ಗಂಗಾಬಾಯಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳು? ಕಸ್ತೂರಿ ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವಳು, ಅವಳ ಸೊಂಟದ ಮೇಲೆ ಕೂತು ಬೆಳೆದವಳು. ಅವಳ ಬಸಿರನ್ನು ತಾನು ಕಾಯಬೇಕು, ಅವಳ ಬಾಣಂತನ ತಾನು ಮಾಡಬೇಕು, ಅವಳ ಕೂಸು ಎತ್ತಿ ಆಡಿಸಿ ಮೂಲೆಗೆ ಸರಿಯಬೇಕು. ಹೊಟ್ಟೆಯುರಿಯೆಂದರೆ ಹೊಟ್ಟೆಯುರಿಯೇ, ಸುಳ್ಳೇಕೆ ಹೇಳಬೇಕು. ಆದರೆ ಅದಕ್ಕಿಂತ ದೊಡ್ಡದಾದ ಇನ್ನೊಂದು ಹೆದರಿಕೆ ಅವಳನ್ನು ತಿನ್ನುತ್ತಿತ್ತು. ಆಸ್ಪತ್ರೆಯಿಂದ ಬಂದ ಕೆಲವು ತಿಂಗಳಿಗೆ ಅವಳಿಗೆ ಮತ್ತೆ ಮುಟ್ಟು ತಪ್ಪಿತ್ತು. ಹಣಮವ್ವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಾವನಿಗೆ ಮತ್ತೇನು ವಿಚಾರ ಹೊಳೆಯುತ್ತದೋ ಎಂಬ ಭಯ. ಇದೂ ಹೋದರೆ ತಾನು ಈ ಮನೆಯಲ್ಲಿ ಸೌಟಿಗಿಂತ ಕಡೆ. ಸೌಟಿನ ಮೇಲಾದರೂ ಹೆಸರಿದೆ.

ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವ ದಿನ ಬಂತು. ಪಡಸಾಲೆಯ ತುಂಬ ಜಮಖಾನೆ ಹಾಸಿತ್ತು. ಅತನೂರಿನಿಂದ ತಂದೆ ಬಂದಿದ್ದ, ಕಸ್ತೂರಿ ಒಳಗೆ ಅಕ್ಕನ ಕೈ ಹಿಡಿದುಕೊಂಡು ಕೂತಿದ್ದಳು, ಊರ ಹಿರಿಯರು ಗೋಡೆಗೆ ಆತು ಕೂತಿದ್ದರು, ಅಯ್ಯನವರಿಗೆ ಮಣೆ ಹಾಕಿತ್ತು. ಅದೇ ಹೊತ್ತಿಗೆ ಮಲ್ಲಣ್ಣ ಕೈಯಲ್ಲಿ ಅದೇ ಥರ್ಮಾಸು ಹಿಡಿದು ಒಳಗೆ ನುಗ್ಗಿದ. ಯಾರಿಗೂ ಶರಣು ಹೇಳಲಿಲ್ಲ. ನೇರವಾಗಿ ನಡುಮನೆಯ ಬಾಗಿಲಿಗೆ ಹೋಗಿ, "ವೈನಿ, ನಿಮ್ಮಂಥಾಕಿ ಲಕ್ಷಕ್ಕೊಬ್ಬಾಕಿ ಸಿಗಾಂಗಿಲ್ಲ ನೋಡ್ರಿ" ಎಂದು ಹಲ್ಲು ಕಿರಿದ. ಮೂರು ಬಸಿರು ಕಳೆದುಕೊಂಡವಳಿಗೆ ಬಹುಮಾನ ಬಂದಿದೆಯೇನೋ ಎನ್ನುವ ಹಾಗಿತ್ತು ಅವನ ಸಂತೋಷ.

ಆಮೇಲೆ ಪಡಸಾಲೆಯಲ್ಲಿ ಕೂತು ಅವನು ಮಾಡಿದ ಭಾಷಣವನ್ನು ಇಲ್ಲಿ ಮೊಟಕು ಮಾಡಿಯೇ ಹೇಳಬೇಕು, ಇಲ್ಲದಿದ್ದರೆ ಅದು ಇವತ್ತಿಗೂ ಮುಗಿಯುವುದಿಲ್ಲ. ನಮ್ಮ ಮೈಯ ಒಂದೊಂದು ಜೀವಕೋಶದ ಹೊರಮೈಯಲ್ಲೂ ಕೊಬ್ಬಿನ ಕಣಗಳು ನೆಟ್ಟುಕೊಂಡಿರುತ್ತವೆ, ಅವುಗಳ ತಲೆಯ ಮೇಲೆ ಸಕ್ಕರೆಯ ಚಿಕ್ಕ ಸರಪಳಿ ಇರುತ್ತದೆ, ಆ ಸರಪಳಿಯೇ ಕೋಶದ ಗುರುತು. ಬಸಿರು ನಿಂತು ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವಾಗ, ಕೂಸು ಇನ್ನೂ ಸಾಸಿವೆಯಷ್ಟೂ ಇಲ್ಲದಾಗಲೇ ಈ ಗುರುತುಗಳು ಮೂಡುತ್ತವೆ. ಮುಂದೆ ಒಂದು ಕೋಶ ಚರ್ಮವಾಗಲು, ಇನ್ನೊಂದು ನರವಾಗಲು, ಮತ್ತೊಂದು ರಕ್ತವಾಗಲು ಹೊರಟಾಗ ಹಳೆಯ ಗುರುತು ಅಳಿಸಿ ಹೊಸದು ಬರುತ್ತದೆ. ಗುರುತು ನೋಡಿಯೇ ಯಾವ ಕೋಶ ಎಲ್ಲಿಗೆ ಬಂದು ಮುಟ್ಟಿದೆ, ಏನಾಗಲಿದೆ ಎಂದು ಹೇಳಬಹುದು. ಅವನ ಇಷ್ಟು ವರ್ಷದ ದುಡಿಮೆ ಇದೇ.

ದೌಲತರಾಯರು ಗುರುತು ಎಂಬ ಮಾತು ಕೇಳಿದ್ದೇ ತೊಡೆ ತಟ್ಟಿಕೊಂಡು ಎದ್ದು ಕೂತರು. ತಾವು ಹೇಳಿದ್ದೂ ಇದನ್ನೇ ಅಲ್ಲವೇ, ಮುಂಬೈಯವರಿಗೆ ಈಗ ತಿಳಿಯಿತು, ತಮಗೆ ಆಗಲೇ ತಿಳಿದಿತ್ತು ಎಂದು ಹಿರಿಯರ ಮುಖ ಒಂದೊಂದಾಗಿ ನೋಡಿದರು. ಹಳೆಯ ಗುರುತು ಅಳಿಸಿಹೋಗುತ್ತದೆ ಎಂಬ ಮಾತು ಮಾತ್ರ ಅವರಿಗೆ ಹಿಡಿಸಲಿಲ್ಲ. ಏನಾಗಬೇಕೆಂದು ಗೊತ್ತಾದ ಮೇಲೆ ಕೋಶ ಕೂಡ ಮೊದಲಿನ ಗುರುತು ಬಿಟ್ಟುಕೊಡುತ್ತದೆ ಎಂದು ಮಲ್ಲಣ್ಣ ಎರಡು ಸಲ ವಿವರಿಸಿದ. ಜೀವಲೋಕದಲ್ಲೆಲ್ಲ ಹುಟ್ಟಿದಂದಿನ ಗುರುತನ್ನೇ ಅರವತ್ತು ವರ್ಷ ಹೊತ್ತು ತಿರುಗುವ ಪ್ರಾಣಿ ಮಟಕಿಯಲ್ಲಿ ಒಂದೇ ಇದೆಯೆಂದು ಒಳಗಿದ್ದ ಗಂಗಾಬಾಯಿಗೆ ಅನಿಸಿತು.

ಮಲ್ಲಣ್ಣ ಮುಂದುವರಿದ. ಬಸಿರಿನ ಕೋಶಗಳ ಮೇಲೂ ಬಹುಪಾಲು ಎಲ್ಲರ ರಕ್ತದ ಮೇಲೂ ಇರುವ ಅಂಥ ಒಂದು ಸಕ್ಕರೆಯ ಗುರುತು ಗಂಗಾಬಾಯಿಯ ಮೈಯಲ್ಲಿ ಹುಟ್ಟಿನಿಂದಲೇ ಇಲ್ಲ. ಇಲ್ಲವಾದ್ದರಿಂದ ಅದು ಎಲ್ಲಿ ಕಂಡರೂ ಅವಳ ರಕ್ತದೊಳಗಿನ ಕಾವಲುಗಾರರು ಕಳ್ಳ ಬಂದನೆಂದು ಮೇಲೆ ಬೀಳುತ್ತಾರೆ. ಗಂಡನ ಕಡೆಯಿಂದ ಕೂಸಿಗೆ ಆ ಗುರುತು ಬರುತ್ತದೆ, ಕಾವಲುಗಾರರು ಅದನ್ನು ಮೊದಲ ತಿಂಗಳುಗಳಲ್ಲೇ ಮುಗಿಸುತ್ತಾರೆ. ಬಾಟಲಿಯ ರಕ್ತ ಗಂಟಾದದ್ದೂ ಅದಕ್ಕೇ. ಇದರಲ್ಲಿ ಅವಳ ತಪ್ಪು ಏನೂ ಇಲ್ಲ ಎಂಬ ಮಾತನ್ನು ಮಲ್ಲಣ್ಣ ಹೇಳಲಿಲ್ಲ. ವಿಜ್ಞಾನದಲ್ಲಿ ಅದಕ್ಕೆ ಜಾಗವಿಲ್ಲವೇನೋ. ಗಂಗಾಬಾಯಿ ಅದನ್ನು ತಾನೇ ತನಗೆ ಹೇಳಿಕೊಂಡಳು. ಅವಳ ಕಣ್ಣಿನಿಂದ ನೀರು ಇಳಿಯಿತು, ಕಸ್ತೂರಿ ಒರೆಸಿದಳು.

ಹೊರಗೆ ರಾಯರಿಗೆ ಬೇಕಾದ ಅರ್ಥ ಬೇಕಾದ ಹಾಗೆ ಸಿಕ್ಕಿತ್ತು. "ಹಂಗಾದ್ರ ಗುರುತು ನಮ್ಮ ಮನೀದು. ಆಕಿ ರಕ್ತ ಭವಿ ರಕ್ತ" ಎಂದುಬಿಟ್ಟರು. ಲಿಂಗವಿಲ್ಲದವರನ್ನು ಕರೆಯುವ ಆ ಮಾತು ಸೊಸೆಯ ರಕ್ತಕ್ಕೆ ಬಿದ್ದಾಗ ಅಯ್ಯನವರು ಕಣ್ಣು ಮುಚ್ಚಿಕೊಂಡರು. ಬಸವಣ್ಣನ ಮಾರ್ಗದಲ್ಲಿ ರಕ್ತಕ್ಕೆ ಅಂಥ ಹೆಸರಿಲ್ಲ ರಾಯರೇ ಎಂದು ಸಣ್ಣ ದನಿಯಲ್ಲಿ ಹೇಳಿದರು. ರಾಯರು ಆಗಲೇ ಮುಂದೆ ಹೋಗಿದ್ದರು. ಕಸ್ತೂರಿಯ ರಕ್ತದಲ್ಲಿ ಗುರುತಿದೆಯೆಂದು ಈಗಲೇ ಎಲ್ಲರೆದುರು ಖಾತ್ರಿ ಮಾಡಿಕೊಂಡೇ ಸಕ್ಕರೆ ಹಂಚಬೇಕು, ಹಾಗೆಯೇ ತಮ್ಮ ಮನೆಯವರ ಗುರುತೂ ಹತ್ತು ಜನರಿಗೆ ಕಾಣಬೇಕು ಎಂದು ಹಠ ಹಿಡಿದರು.

ಮಲ್ಲಣ್ಣನಿಗೆ ಬೇಕಾದದ್ದೂ ಅದೇ. ಗಂಗಾಬಾಯಿಯ ರಕ್ತದ ತಿಳಿಯನ್ನು, ಬೇರೆ ಗುಂಪುಗಳ ಗೊಂದಲ ಬಾರದಂತೆ ಮುಂಬೈಯಲ್ಲೇ ಹದ ಮಾಡಿ, ಥರ್ಮಾಸಿನಲ್ಲಿ ತಂದಿದ್ದ. ಬಿಳಿಯ ಪಿಂಗಾಣಿ ಬಸಿ ತರಿಸಿದ. ಅದರ ಮೇಲೆ ತಿಳಿಯ ಒಂದು ಹನಿ, ಪಕ್ಕದಲ್ಲಿ ಬೆರಳು ಚುಚ್ಚಿ ತೆಗೆದ ರಕ್ತದ ಹನಿ, ಎರಡನ್ನೂ ಕಡ್ಡಿಯಿಂದ ಕಲಸಿ ಬಸಿಯನ್ನು ಮೆಲ್ಲಗೆ ಆಡಿಸುವುದು. ರಕ್ತ ಮರಳುಮರಳಾಗಿ ಒಡೆದರೆ ಗುರುತಿದೆ, ನುಣ್ಣಗೆ ಉಳಿದರೆ ಇಲ್ಲ.

ಮೊದಲ ಬೆರಳು ರಾಯರದೇ. ರಕ್ತ ಒಡೆದು ಚೆಂದಾಗಿ ಗಂಟುಗಟ್ಟಿತು. ರಾಯರು ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿರಿಯರಿಗೆ ಪ್ರಸಾದ ತೋರಿಸಿದ ಹಾಗೆ ತೋರಿಸಿದರು. ಶಿವರಾಯನದೂ ಗಂಟುಗಟ್ಟಿತು. ಹೀರಾಬಾಯಿಯದು, ಹಿರಿಯರದು, ಅಯ್ಯನವರದು ಎಲ್ಲ ಹಾಗೆಯೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹುಸೇನಪೀರನನ್ನು ಮಲ್ಲಣ್ಣ ಕರೆದು ಬೆರಳು ಚುಚ್ಚಿದ, ಅವನದು ಒಂದು ಕೈ ಹೆಚ್ಚೇ ಗಂಟುಗಟ್ಟಿತು. ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ ಹಣಮವ್ವನದೂ ಅಷ್ಟೇ. ರಾಯರ ಮುಖ ಸಣ್ಣಗಾಗುತ್ತ ಬಂತು. ಇವರೆಲ್ಲರ ಗಂಟಿಗಿಂತ ತಮ್ಮ ಗಂಟು ದೊಡ್ಡದಿರಬೇಕು, ಸರಿಯಾಗಿ ನೋಡು ಎಂದು ಮಲ್ಲಣ್ಣನಿಗೆ ತಾಕೀತು ಮಾಡಿದರು. ಅವನು ಕನ್ನಡಕ ಸರಿಮಾಡಿಕೊಂಡು ನೋಡಿ, ಎಲ್ಲ ಒಂದೇ ಎಂದ.

ಕಸ್ತೂರಿಯನ್ನು ಕರೆದರು. ಅವಳು ಬೆರಳು ಕೊಟ್ಟು ಮುಖ ತಿರುಗಿಸಿದಳು. ಮಲ್ಲಣ್ಣ ಕಲಸಿದ, ಆಡಿಸಿದ, ಮತ್ತೆ ಆಡಿಸಿದ. ರಕ್ತ ಕುಂಕುಮದ ನೀರಿನ ಹಾಗೆ ನುಣ್ಣಗೆ ಹರಿದಾಡಿತು. ಅವನು ಇನ್ನೊಂದು ಹನಿ ತೆಗೆದು ಇನ್ನೊಮ್ಮೆ ಮಾಡಿದ. ಮತ್ತೆ ಹಾಗೆಯೇ. ಅಕ್ಕನಂತೆಯೇ ತಂಗಿ.

ಗುರುತು ಹೀಗೆ ಪೂರ್ತಿ ಇಲ್ಲವಾಗಬೇಕಾದರೆ ತಾಯಿ ತಂದೆ ಇಬ್ಬರ ಕಡೆಯಿಂದಲೂ ಅದೇ ಕೊರತೆ ಬರಬೇಕು, ಒಂದೇ ಮನೆಯೊಳಗೆ ಮತ್ತೆ ಮತ್ತೆ ಕೊಟ್ಟು ತಂದರೆ ಹಾಗಾಗುವ ಸಂಭವ ಹೆಚ್ಚು ಎಂದು ಮಲ್ಲಣ್ಣ ಸಂತೋಷದಿಂದಲೇ ವಿವರಿಸಿದ. ಹನಿ ರಕ್ತ ಹೊರಗೆ ಬಿಡದ ಮನೆಯೆಂದು ದೀಪ ಹಿಡಿದು ಹುಡುಕಿ ತಂದವರು ಯಾರು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅತನೂರಿನ ತಂದೆ ತಲೆ ತಗ್ಗಿಸಿದ. ಹಿರಿಯರಲ್ಲೊಬ್ಬ ಕೆಮ್ಮಿದ.

ರಾಯರು ಸೋಲುವವರಲ್ಲ. ಹೋಗಲಿ, ಅತನೂರಿನ ಸಂಬಂಧ ಸಾಕು, ಇಬ್ಬರನ್ನೂ ತಂದೆ ಕರೆದುಕೊಂಡು ಹೋಗಲಿ, ಗುರುತಿದ್ದ ಬೇರೆ ಹೆಣ್ಣು ನೋಡೋಣ ಎಂದರು. ಪೇಟೆಯಲ್ಲಿ ಒಂದು ಚೀಲ ತಿರಸ್ಕರಿಸಿ ಇನ್ನೊಂದಕ್ಕೆ ಕೈಹಾಕುವಷ್ಟೇ ಸಲೀಸಾಗಿ ಹೇಳಿದರು. ಆಮೇಲೆ, ಕಳೆದ ಮಾನವನ್ನು ಕೂಡಿಸಿಕೊಳ್ಳಲೋ ಏನೋ, ಮಲ್ಲಣ್ಣನನ್ನು ಪಕ್ಕಕ್ಕೆ ಕರೆದು ಎಲ್ಲರಿಗೂ ಕೇಳುವ ಹಾಗೆ ಒಂದು ಅಪ್ಪಣೆ ಕೊಟ್ಟರು. ಈ ಗುರುತಿನ ಸಕ್ಕರೆಯನ್ನೇ ಬೇರೆ ಮಾಡಿ ಒಂದು ಶೀಸೆಯಲ್ಲಿ ತುಂಬಿ ಕಳಿಸು, ಮನೆಯಲ್ಲಿ ಗದ್ದುಗೆಯ ಪಕ್ಕ ಇಡುತ್ತೇನೆ, ಬಂದವರು ನೋಡಲಿ ಎಂದರು.

"ಶೀಸೆ ತರಿಸಾಕ ಬರ್ತದ ಮಾಮಾ, ನಮ್ಮಲ್ಲೇ ಅದ" ಎಂದ ಮಲ್ಲಣ್ಣ. ಅವನಿಗೆ ಲೋಕದ ರೀತಿ ತಿಳಿಯದು, ಸತ್ಯ ಮಾತ್ರ ತಿಳಿಯುತ್ತಿತ್ತು. "ಮನುಷ್ಯಾರ ರಕ್ತದಿಂದ ತಗದ್ರ ಪೂರೈಸಾಂಗಿಲ್ರಿ. ಪರದೇಶದವರು ಹಂದಿ ರಕ್ತದಿಂದ ತಗದು ಕಳಸ್ತಾರ. ಹಂದ್ಯಾಗ ಈ ಗುರುತು ಭಾಳ ಇರ್ತದ."

ಹುಸೇನಪೀರ ತನ್ನ ಬೆರಳನ್ನು ಅಂಗಿಗೆ ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಹಿರಿಯರು ಜಮಖಾನೆಯ ಹೂಗಳನ್ನು ನೋಡತೊಡಗಿದರು. ಅಯ್ಯನವರು ಬಂದ ನಗುವನ್ನು ಓಂಕಾರದಲ್ಲಿ ಮುಚ್ಚಿಕೊಂಡರು. ನಡುಮನೆಯ ಬಾಗಿಲಲ್ಲಿ ಕಸ್ತೂರಿ ಮಾತ್ರ ತಡೆಯಲಾರದೆ ಕಿಲಕಿಲನೆ ನಕ್ಕುಬಿಟ್ಟಳು. ದೌಲತರಾಯರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿ ತೆರೆದೂ ಮಾತು ಬರದೆ ಹೋದದ್ದು ಅದೇ ಮೊದಲು.

ಆ ಮೌನ ಇನ್ನೊಮ್ಮೆ ಸಿಗುವುದಿಲ್ಲವೆಂದು ಗಂಗಾಬಾಯಿಗೆ ಗೊತ್ತಿತ್ತು. ಸೆರಗು ಸರಿ ಮಾಡಿಕೊಂಡು ಪಡಸಾಲೆಗೆ ಬಂದಳು. ಮಾವನನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ.

"ಮಲ್ಲಣ್ಣ, ಕಾವಲುಗಾರರು ಅಂದ್ಯಲ್ಲ," ಎಂದಳು. "ಅವರನ್ನ ನನ್ನ ಮೈಯಿಂದ ಹೊರಗ ಹಾಕಾಕ ಬರ್ತದೇನು? ನಾ ಈಗ ಎರಡು ಜೀವದಾಕಿ ಅದೇನಿ."

ಮಲ್ಲಣ್ಣ ಆ ದಿನ ಮೊದಲ ಸಲ ಅವಳ ಮುಖ ನೋಡಿದ. ಬರುತ್ತದೆ ಎಂದ. ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೊಂದು ಯಂತ್ರವಿದೆ, ರಕ್ತ ತೆಗೆದು ಅದರ ಹಳದಿ ನೀರನ್ನು ಬೇರೆ ಮಾಡಿ, ಕೆಂಪು ಕಣಗಳನ್ನು ಮತ್ತೆ ಮೈಗೆ ತುಂಬುತ್ತಾರೆ, ಕಾವಲುಗಾರರು ಆ ನೀರಿನ ಜೊತೆ ಹೋಗುತ್ತಾರೆ. ಆದರೆ ಅವರು ಮತ್ತೆ ಮತ್ತೆ ಹುಟ್ಟುತ್ತಾರೆ, ಆದ್ದರಿಂದ ಹೆರಿಗೆಯವರೆಗೆ ವಾರವಾರವೂ ಮಾಡಿಸಬೇಕು. ಉಳಿದೇ ಉಳಿಯುತ್ತದೆಂದು ಮಾತು ಕೊಡಲಾಗುವುದಿಲ್ಲ. ಹೆರಿಗೆಯಲ್ಲಿ ರಕ್ತ ಬೇಕಾದರೆ ಊರ ರಕ್ತವೆಲ್ಲ ವಿಷ, ಕಸ್ತೂರಿಯದು ಮಾತ್ರ ಅಮೃತ. ಇದನ್ನು ಹೇಳುವಾಗ ಅವನ ದನಿಯಲ್ಲಿ ಮೊದಲಿನ ಹಿಗ್ಗು ಇರಲಿಲ್ಲ, ನಾಚಿಕೆಯಂಥದ್ದು ಏನೋ ಇತ್ತು.

ಸೊಸೆಯ ರಕ್ತವನ್ನು ಊರು ಕಾಣದ ಯಂತ್ರದಲ್ಲಿ ತೊಳೆಸುವುದೆಂದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ರಾಯರು ಕೇಳಬೇಕೆಂದಿದ್ದರು. ಕೇಳುವ ಮೊದಲೇ ಕಸ್ತೂರಿ ತನ್ನ ಬಟ್ಟೆಯ ಗಂಟು ಎತ್ತಿಕೊಂಡು ಅಕ್ಕನ ಪಕ್ಕ ನಿಂತಳು. ಹಂಚಬೇಕಾಗಿದ್ದ ಸಕ್ಕರೆಯನ್ನು ಹಣಮವ್ವ ಒಳಗೆ ಒಯ್ದು ಇಟ್ಟಳು. ಶಿವರಾಯ ಜೀಪಿನಲ್ಲಿ ಗುಲ್ಬರ್ಗಾ ಸ್ಟೇಶನ್ನಿನವರೆಗೂ ಬಂದ. ಗಾಡಿ ಹೊರಡುವಾಗ ಒಂದು ಡಜನ್ ಬಾಳೆಹಣ್ಣು ಕೊಡಿಸಿದ. ಅವನ ಜೀವಮಾನದಲ್ಲಿ ಅಪ್ಪನನ್ನು ಕೇಳದೆ ಮಾಡಿದ ಅತಿ ದೊಡ್ಡ ಕೆಲಸ ಅದು.

ಮುಂಬೈಯಲ್ಲಿ ಪರೇಲದ ಒಂದು ಚಾಳಿನ ಕೋಣೆಯಲ್ಲಿ ಅಕ್ಕ ತಂಗಿ ಉಳಿದರು. ವಾರವಾರವೂ ಗಂಗಾಬಾಯಿಯ ತೋಳಿಗೆ ಸೂಜಿ ಚುಚ್ಚಿದರು. ರಕ್ತ ಕೊಳವೆಯೊಳಗೆ ಹೋಗಿ ತಿರುಗಿ ಬರುವುದನ್ನು ನೋಡುತ್ತ ಅವಳಿಗೆ ತನ್ನ ಕಾವಲುಗಾರರ ಮೇಲೆ ಮೊದಮೊದಲು ಸಿಟ್ಟಿತ್ತು, ದಿನ ಹೋದಂತೆ ಒಂದು ತರಹದ ಮಮತೆ ಬಂತು. ಆ ಮನೆಯಲ್ಲಿ ಅವಳ ಪರವಾಗಿ ಜಗಳವಾಡಿದವರು ಅವರು ಮಾತ್ರ. ತಪ್ಪು ಜನರ ಮೇಲೆ ಬಿದ್ದರು, ಅಷ್ಟೇ. ಮೂರನೆಯ ತಿಂಗಳು ತುಂಬಿದ ದಿನ ಅವಳು ರಸ್ತೆಯ ಪಕ್ಕ ನಿಂತು ಹೆದರಿಕೆಯಿಂದ ಅತ್ತಳು. ನಾಲ್ಕನೆಯದು ತುಂಬಿದಾಗ ಅಳಲಿಲ್ಲ. ಹೊಟ್ಟೆಯೊಳಗೆ ಕೂಸು ಮೊದಲ ಸಲ ಹೊರಳಿದಾಗ ಕಸ್ತೂರಿಯ ಕೈ ತೆಗೆದು ಅಲ್ಲಿ ಇಟ್ಟಳು. ಶಿವರಾಯ ನಡುನಡುವೆ ಬಂದು ಹೋದ. ತೊಗರಿಯ ಧಾರಣೆ ವಿಚಾರಿಸಲು ಬಂದೆ ಎನ್ನುತ್ತಿದ್ದ, ಆದರೆ ಪೇಟೆಯ ಕಡೆ ಹೋದದ್ದನ್ನು ಯಾರೂ ಕಾಣಲಿಲ್ಲ.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಗಂಡು. ಚಿಕ್ಕದು, ಕೆಂಪಗೆ, ಸಿಟ್ಟು ಬಂದವನ ಹಾಗೆ ಮುಷ್ಟಿ ಬಿಗಿದುಕೊಂಡಿತ್ತು. ಗಂಗಾಬಾಯಿಗೆ ಒಂದು ಬಾಟಲಿ ರಕ್ತ ಬೇಕಾಯಿತು, ಕಸ್ತೂರಿ ಕೊಟ್ಟಳು.

ತಂತಿ ಮುಟ್ಟಿದ್ದೇ ದೌಲತರಾಯರು ಮುಂಬೈಗೆ ಬಂದಿಳಿದರು. ತಲೆಗೆ ಜರಿಯ ರುಮಾಲು, ಹಿಂದೆ ಹೀರಾಬಾಯಿ, ಅವಳ ಹಿಂದೆ ಚಪ್ಪಲಿ ನೋಡುತ್ತ ಶಿವರಾಯ. ಪಡಸಾಲೆಯ ಆ ದಿನವನ್ನು ಅವರು ಪೂರ್ತಿ ಮರೆತಿದ್ದರು. ವಾರ್ಡಿನಲ್ಲಿದ್ದ ನರ್ಸಬಾಯಿಯರಿಗೆಲ್ಲ ತಾವು ಯಾರೆಂದು ತಿಳಿಸಿ, ಪಕ್ಕದ ಮಂಚದವರಿಗೂ ಮಟಕಿಯಲ್ಲಿ ತಮ್ಮ ಜಮೀನು ಎಷ್ಟೆಂದು ತಿಳಿಸಿ, ಕೂಸನ್ನು ಕೈಗೆ ಎತ್ತಿಕೊಂಡರು. ಮೂಗು ನೋಡಿದರು, ಕಿವಿ ನೋಡಿದರು, ಹಣೆ ನೋಡಿದರು. ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು.

"ನೋಡ್ರಿ, ನಮ್ಮ ಮನಿ ಗುರುತು ಹ್ಯಾಂಗ ಕಾಣಾಕತ್ತದ," ಎಂದರು ಎಲ್ಲರಿಗೂ ಕೇಳುವಂತೆ. "ಯಾರೂ ಅಳಸಾಕ ಆಗಾಂಗಿಲ್ಲ."

ಗಂಗಾಬಾಯಿ ದಿಂಬಿಗೆ ಒರಗಿ ಕೂತಿದ್ದಳು. ಅವಳ ಎರಡೂ ತೋಳುಗಳ ಮೇಲೆ ಸೂಜಿಯ ಕಲೆಗಳು ನೀಲಿಗಟ್ಟಿದ್ದವು.

"ನಿಮ್ಮ ಮನಿ ಗುರುತು ನನ್ನ ಮೈಗೆ ಮೊದಲ ದಿನಾನೇ ಗೊತ್ತಾಗಿತ್ತು ಮಾವಾರ," ಎಂದಳು. ದನಿ ಏರಲಿಲ್ಲ. "ಅದಕ್ಕ ಮೂರು ಸಲ ಹೊರಗ ಹಾಕ್ತು. ಈ ಸಲ ನಾನೇ ಬ್ಯಾಡ ಅಂತ ಅದರ ಕೈ ಹಿಡದೇನಿ."

ವಾರ್ಡಿನಲ್ಲಿ ಕನ್ನಡ ತಿಳಿಯುತ್ತಿದ್ದವರು ಮೂವರೋ ನಾಲ್ವರೋ. ಅವರೆಲ್ಲ ಈ ಕಡೆ ತಿರುಗಿ ನೋಡಿದರು. ಹೀರಾಬಾಯಿ ನಿಟ್ಟುಸಿರು ಬಿಡಲಿಲ್ಲ. ಶಿವರಾಯ ತಲೆ ಎತ್ತಿ ಹೆಂಡತಿಯ ತೋಳುಗಳ ಕಲೆಗಳನ್ನು ನೋಡುತ್ತಲೇ ನಿಂತ. ರಾಯರ ಕೈಯಲ್ಲಿದ್ದ ಕೂಸು ಅಳತೊಡಗಿತು. ಗಂಗಾಬಾಯಿ ಕೈ ಚಾಚಿದಳು, ಅವರು ಕೊಟ್ಟರು.